ನರ್ತಕಿ ಯಾವ ಕಡೆ ತಿರುಗುತ್ತಾಳೆ? ‘ಚಿತ್ರ ಬಿಡಿಸುವ ಮಕ್ಕಳಿಗೆ ಕಂಪ್ಯೂಟರ್ ಹತ್ತಲ್ಲ’ ಎನ್ನುವ ಫಾರ್ವರ್ಡ್‌ನ ಅಸಲಿ ಕಥೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಈ ಮೆಸೇಜ್ ಮತ್ತೆ ಜೀವ ಪಡೆಯುತ್ತದೆ. ಒಂಟಿ ಕಾಲಿನಲ್ಲಿ ನಿಂತು ಗಿರಗಿರನೆ ತಿರುಗುವ ನರ್ತಕಿಯ ಕಪ್ಪು ನೆರಳು. ಅದರ ಕೆಳಗೆ ಹೀಗೊಂದು ಒಕ್ಕಣೆ: ‘ಇವಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವಂತೆ ಕಂಡರೆ ನಿಮ್ಮದು ಬಲ ಮೆದುಳು. ನೀವು ಕಲಾವಿದರು. ಉಲ್ಟಾ ತಿರುಗುವಂತೆ ಕಂಡರೆ ಎಡ ಮೆದುಳು. ಗಣಿತ, ಕಂಪ್ಯೂಟರ್ ನಿಮಗೆ ಸರಿ. ನಿಮ್ಮ ಮಕ್ಕಳಿಗೆ ತೋರಿಸಿ, ಆಮೇಲೆ ಕೋರ್ಸ್ ಆಯ್ಕೆ ಮಾಡಿ.’

ನಮ್ಮ ಮನೆಯ ಗ್ರೂಪಿಗೂ ಅದು ಬಂತು. ಚಿಕ್ಕಮ್ಮ ಅದರ ಕೆಳಗೆ ಬರೆದಿದ್ದರು: ‘ನಮ್ಮ ಪುಟ್ಟಿಗೆ ಗಡಿಯಾರದ ದಿಕ್ಕಿನಲ್ಲೇ ಕಾಣಿಸ್ತು. ಹೇಗೂ ಯಾವಾಗಲೂ ಚಿತ್ರ ಬಿಡಿಸ್ತಾನೇ ಇರ್ತಾಳೆ. ಸೈನ್ಸು, ಕಂಪ್ಯೂಟರು ಎಲ್ಲ ಬೇಡ ಅಂತಿದ್ದಾರೆ ಅವರಪ್ಪ. ನೀನೇನಂತೀಯಾ?’

ಪುಟ್ಟಿಗೆ ಗಣಿತದಲ್ಲಿ ಒಳ್ಳೆಯ ಅಂಕ ಬಂದಿದೆ. ಶಾಲೆಯ ಕಂಪ್ಯೂಟರ್ ಲ್ಯಾಬ್ ಎಂದರೆ ಅವಳಿಗೆ ಪ್ರಾಣ. ಆದರೂ 15 ವರ್ಷದ ಹುಡುಗಿಯ ಮುಂದಿನ ದಾರಿಯನ್ನು ಅರ್ಧ ನಿಮಿಷದ ಒಂದು ಜಿಫ್ ಚಿತ್ರ ತೀರ್ಮಾನಿಸಲು ಹೊರಟಿತ್ತು. ಹಾಗಾಗಿ ಈ ಫಾರ್ವರ್ಡ್ ಎಷ್ಟು ನಿಜ, ಕಲೆಯನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಹಿಡಿಯಲು ಬಯಸುವ ವಿದ್ಯಾರ್ಥಿಗೆ ನಿಜವಾಗಿ ಯಾವ ದಾರಿಗಳಿವೆ ಎಂದು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಫಾರ್ವರ್ಡ್ ಹೇಳುವುದು ತಪ್ಪು. ನರ್ತಕಿ ಯಾವ ಕಡೆ ತಿರುಗಿದಂತೆ ಕಂಡರೂ ಅದರಿಂದ ನಿಮ್ಮ ಮೆದುಳಿನ ಬಗೆಯಾಗಲಿ, ನಿಮ್ಮ ಪ್ರತಿಭೆಯಾಗಲಿ ತಿಳಿಯುವುದಿಲ್ಲ. ಕಲೆ ಒಂದು ಬಗೆಯ ಮೆದುಳಿಗೆ, ಕಂಪ್ಯೂಟರ್ ಇನ್ನೊಂದು ಬಗೆಯ ಮೆದುಳಿಗೆ ಎನ್ನುವ ವಿಂಗಡಣೆಗೂ ಆಧಾರವಿಲ್ಲ.

ನರ್ತಕಿ ಎರಡೂ ಕಡೆ ತಿರುಗುವುದು ಹೇಗೆ?

ಈ ಚಿತ್ರವನ್ನು 2003ರಲ್ಲಿ ಮಾಡಿದವರು ಜಪಾನಿನ ವೆಬ್ ಡಿಸೈನರ್ ನೊಬುಯುಕಿ ಕಯಾಹಾರ. ಅದು ಮೆದುಳಿನ ಪರೀಕ್ಷೆಯಲ್ಲ, ಕಣ್ಣಿಗೆ ಮಾಡುವ ಒಂದು ಮೋಜು. ‘ಎಡ ಮೆದುಳು, ಬಲ ಮೆದುಳು’ ಎಂಬ ಬಾಲ ಅದಕ್ಕೆ ಆಮೇಲೆ ಅಂಟಿಕೊಂಡಿತು.

ಗುಟ್ಟು ಇರುವುದು ನೆರಳಿನಲ್ಲಿ. ಚಿತ್ರ ಪೂರ್ತಿ ಕಪ್ಪು. ಮುಖ ಯಾವುದು, ಬೆನ್ನು ಯಾವುದು ಗೊತ್ತಾಗುವುದಿಲ್ಲ. ಚಾಚಿದ ಕಾಲು ಎಡದಿಂದ ಬಲಕ್ಕೆ ಹೋಗುವಾಗ ಅದು ದೇಹದ ಮುಂದಿನಿಂದ ಹೋಯಿತೋ ಹಿಂದಿನಿಂದ ಹೋಯಿತೋ ಹೇಳಲು ಚಿತ್ರದಲ್ಲಿ ಒಂದೂ ಸುಳಿವಿಲ್ಲ. ಮುಂದಿನಿಂದ ಎಂದುಕೊಂಡರೆ ಅವಳು ಒಂದು ದಿಕ್ಕಿಗೆ ತಿರುಗುತ್ತಾಳೆ, ಹಿಂದಿನಿಂದ ಎಂದುಕೊಂಡರೆ ಇನ್ನೊಂದು ದಿಕ್ಕಿಗೆ. ಎರಡೂ ಸರಿಯೇ. ಸುಳಿವಿಲ್ಲದಾಗ ಮೆದುಳು ಸುಮ್ಮನಿರುವುದಿಲ್ಲ, ಒಂದನ್ನು ಊಹಿಸಿಕೊಳ್ಳುತ್ತದೆ.

ನೀವೇ ಪರೀಕ್ಷಿಸಿ ನೋಡಿ. ಚಿತ್ರದ ಮೇಲ್ಭಾಗವನ್ನು ಕೈಯಿಂದ ಮುಚ್ಚಿ, ಪಾದವನ್ನಷ್ಟೇ ಸ್ವಲ್ಪ ಹೊತ್ತು ದಿಟ್ಟಿಸಿ. ಆಮೇಲೆ ನಿಧಾನವಾಗಿ ಕೈ ತೆಗೆಯಿರಿ. ಬಹಳ ಜನರಿಗೆ ನರ್ತಕಿ ದಿಕ್ಕು ಬದಲಿಸಿರುತ್ತಾಳೆ. ಒಂದು ನಿಮಿಷದಲ್ಲಿ ಯಾರೂ ಕಲಾವಿದರಿಂದ ಗಣಿತಜ್ಞರಾಗಿ ಬದಲಾಗುವುದಿಲ್ಲ ಅಲ್ಲವೇ?

ಹಾಗಾದರೆ ‘ಎಡ–ಬಲ ಮೆದುಳು’ ಎಲ್ಲಿಂದ ಬಂತು?

ಇದು ಪೂರ್ತಿ ಕಟ್ಟುಕಥೆಯಲ್ಲ. ಒಂದು ಒಳ್ಳೆಯ ಸಂಶೋಧನೆಯನ್ನು ಎಳೆದೆಳೆದು ಉದ್ದ ಮಾಡಿದ ಕಥೆ.

ತೀವ್ರ ಮೂರ್ಛೆರೋಗ ಇರುವ ಕೆಲವರಿಗೆ ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ನರತಂತುಗಳ ಸೇತುವೆಯನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಹಿಂದೆ ನಡೆಯುತ್ತಿತ್ತು. ಅಂಥವರನ್ನು ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿದರು. ಎರಡು ಅರ್ಧಗಳು ಕೆಲವು ಕೆಲಸಗಳನ್ನು ಹಂಚಿಕೊಂಡಿರುವುದು ಅವರಿಗೆ ಕಂಡಿತು. ಉದಾಹರಣೆಗೆ, ಹೆಚ್ಚಿನವರಲ್ಲಿ ಮಾತಾಡುವ ಕೆಲಸವನ್ನು ಮುಖ್ಯವಾಗಿ ಎಡ ಅರ್ಧ ನೋಡಿಕೊಳ್ಳುತ್ತದೆ. ಈ ಕೆಲಸಕ್ಕೆ 1981ರಲ್ಲಿ ಸ್ಪೆರಿ ಅವರಿಗೆ ನೊಬೆಲ್ ಬಂತು.

‘ಕೆಲವು ಕೆಲಸಗಳು ಹಂಚಿಹೋಗಿವೆ’ ಎನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ‘ಮನುಷ್ಯರಲ್ಲೇ ಎರಡು ಜಾತಿ ಇದೆ’ ಎಂದಾಯಿತು. ನಮ್ಮೆಲ್ಲರ ಸೇತುವೆ ಗಟ್ಟಿಯಾಗಿಯೇ ಇದೆ, ಅದರ ಮೇಲೆ ಸಂದೇಶಗಳು ಕ್ಷಣಕ್ಷಣಕ್ಕೂ ಓಡಾಡುತ್ತಿವೆ ಎನ್ನುವುದು ಮರೆತೇಹೋಯಿತು.

2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 29 ವರ್ಷದೊಳಗಿನ 1011 ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿದರು. ಕೆಲವು ಕೆಲಸಗಳು ಒಂದು ಕಡೆಗೆ ವಾಲಿದ್ದವು ನಿಜ. ಆದರೆ ಒಬ್ಬ ವ್ಯಕ್ತಿಯ ಇಡೀ ಮೆದುಳೇ ಎಡದ್ದು ಅಥವಾ ಬಲದ್ದು ಎನ್ನಲು ಪುರಾವೆ ಸಿಗಲಿಲ್ಲ.

ಇನ್ನೂ ಸರಳವಾಗಿ ಹೇಳುವುದಾದರೆ, ನಮ್ಮ ಬಲಗೈಯನ್ನು ಆಡಿಸುವುದು ಮೆದುಳಿನ ಎಡ ಅರ್ಧ. ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಚಿತ್ರ ಬಿಡಿಸುವ ಹುಡುಗಿಯ ಕೈಯನ್ನು ನಡೆಸುತ್ತಿರುವುದೇ, ಫಾರ್ವರ್ಡ್ ಪ್ರಕಾರ ಕಲೆ ಗೊತ್ತಿಲ್ಲದ, ಆ ಎಡ ಮೆದುಳು!

‘ನನಗೆ ಚಿತ್ರ ಬರಲ್ಲ’ ಎಂದುಕೊಂಡ ಒಬ್ಬ ಹುಡುಗ

ಈಗ ಒಬ್ಬ ವಿದ್ಯಾರ್ಥಿಯ ಕಥೆ. 1945ರಲ್ಲಿ ಹುಟ್ಟಿ ಅಮೆರಿಕದ ಯೂಟಾದಲ್ಲಿ ಬೆಳೆದ ಎಡ್ ಕ್ಯಾಟ್‌ಮುಲ್‌ಗೆ ಡಿಸ್ನಿಯ ಕಾರ್ಟೂನ್ ಸಿನಿಮಾಗಳೆಂದರೆ ಹುಚ್ಚು. ದೊಡ್ಡವನಾದ ಮೇಲೆ ಆನಿಮೇಟರ್ ಆಗಬೇಕೆಂಬ ಆಸೆ. ಆದರೆ ಹೈಸ್ಕೂಲು ಮುಗಿಸುವ ಹೊತ್ತಿಗೆ, ತಾನು ಬಿಡಿಸುವ ಚಿತ್ರಗಳು ಆ ಮಟ್ಟಕ್ಕೆ ಸಾಲವು ಎಂದು ಅವನಿಗೆ ಅನಿಸಿತು. ಕಲೆ ಬಿಟ್ಟು ಯೂಟಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಮತ್ತು ಕಂಪ್ಯೂಟರ್ ವಿಜ್ಞಾನ ಓದಿದ. ವಿಮಾನ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ, ಅಲ್ಲಿ ಸಾವಿರಾರು ಜನರ ಜೊತೆ ಇವನ ಕೆಲಸವೂ ಹೋಯಿತು. ಮತ್ತೆ ಓದಲು ಅದೇ ವಿಶ್ವವಿದ್ಯಾಲಯಕ್ಕೆ ವಾಪಸ್ ಬಂದ.

ಬಿಟ್ಟುಹೋಗಿದ್ದ ಆಸೆ ಅಲ್ಲಿ ಬೇರೆ ಬಾಗಿಲಿನಿಂದ ಒಳಗೆ ಬಂತು. ಕಂಪ್ಯೂಟರ್ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಮನ್ನು 1963ರಲ್ಲೇ ಮಾಡಿದ್ದ ಐವನ್ ಸದರ್‌ಲ್ಯಾಂಡ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಕ್ಯಾಟ್‌ಮುಲ್ ತನ್ನ ಎಡಗೈಯನ್ನು ಪ್ಲಾಸ್ಟರ್‌ನಲ್ಲಿ ಅದ್ದಿ ಅಚ್ಚು ತೆಗೆದರು. ಮೊದಲು ಜಿಡ್ಡು ಸವರಿಕೊಳ್ಳಲು ಮರೆತದ್ದರಿಂದ ಅಚ್ಚಿನ ಜೊತೆ ಕೈ ಮೇಲಿನ ಕೂದಲೂ ಕಿತ್ತುಬಂತಂತೆ! ಆ ಅಚ್ಚಿನ ಮೇಲೆ ನೂರಾರು ಸಣ್ಣ ತ್ರಿಕೋನ, ಬಹುಭುಜಗಳನ್ನು ಗುರುತುಮಾಡಿ, ಅಳತೆ ತೆಗೆದು ಕಂಪ್ಯೂಟರಿಗೆ ಊಡಿಸಿದರು. 1972ರಲ್ಲಿ ಸಹಪಾಠಿ ಫ್ರೆಡ್ ಪಾರ್ಕ್ ಜೊತೆ ಮಾಡಿದ ಈ ಕಿರುಚಿತ್ರದಲ್ಲಿ ಕಂಪ್ಯೂಟರ್ ಬಿಡಿಸಿದ ಕೈ ಬೆರಳು ಮಡಚುತ್ತದೆ, ಬಿಚ್ಚುತ್ತದೆ.

ನರ್ತಕಿಗೆ ಇಲ್ಲದ್ದನ್ನು ಕಂಪ್ಯೂಟರಿಗೆ ಕೊಟ್ಟದ್ದು

ಕ್ಯಾಟ್‌ಮುಲ್ ಎದುರಿಸಿದ ಒಂದು ಸಮಸ್ಯೆ ನಮ್ಮ ನರ್ತಕಿಯ ಸಮಸ್ಯೆಯೇ: ಯಾವುದು ಮುಂದೆ, ಯಾವುದು ಹಿಂದೆ?

ಚಿತ್ರ ಬಿಡಿಸುವವರಿಗೆ ಇದಕ್ಕೊಂದು ಉಪಾಯ ಗೊತ್ತು. ಮೊದಲು ದೂರದ ಬೆಟ್ಟ, ಅದರ ಮೇಲೆ ಮನೆ, ಕೊನೆಗೆ ಹತ್ತಿರದ ಮರ. ಹತ್ತಿರದ್ದು ದೂರದ್ದನ್ನು ತಾನಾಗಿ ಮುಚ್ಚುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲೂ ಈ ವಿಧಾನ ಇದೆ, ಅದಕ್ಕೆ ‘ಪೇಂಟರ್ಸ್ ಅಲ್ಗಾರಿದಂ’ ಎಂದೇ ಹೆಸರು. ಆದರೆ ಮೂರು ಕಡ್ಡಿಗಳನ್ನು ಬುಟ್ಟಿ ಹೆಣೆದಂತೆ ಒಂದರ ಮೇಲೊಂದು ಸಿಕ್ಕಿಸಿ ನೋಡಿ. ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಮತ್ತೆ ಮೊದಲನೆಯದರ ಮೇಲೆ. ಈಗ ಯಾವುದನ್ನು ಮೊದಲು ಬಿಡಿಸುತ್ತೀರಿ? ಉಪಾಯ ಇಲ್ಲಿ ಕೈಕೊಡುತ್ತದೆ.

ಕ್ಯಾಟ್‌ಮುಲ್ 1974ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೊಂದು ದಾರಿ ಬರೆದರು. ಪರದೆಯ ಪ್ರತಿ ಚುಕ್ಕಿಗೂ ಬಣ್ಣದ ಜೊತೆಗೆ ಇನ್ನೊಂದು ಸಂಖ್ಯೆ ಇಟ್ಟುಕೊಳ್ಳುವುದು: ಅಲ್ಲಿ ಕಾಣುವ ವಸ್ತು ನಮ್ಮಿಂದ ಎಷ್ಟು ದೂರ ಎಂದು. ಅದೇ ಚುಕ್ಕಿಗೆ ಹೊಸ ವಸ್ತು ಬಂದಾಗ ದೂರ ಹೋಲಿಸಿ ನೋಡಬೇಕು. ಹತ್ತಿರದ್ದಾದರೆ ಬಣ್ಣ ಬದಲಿಸು, ದೂರದ್ದಾದರೆ ಬಿಟ್ಟುಬಿಡು. ಇಷ್ಟೇ. ಇದರ ಹೆಸರು ‘ಝಡ್-ಬಫರ್’. ಅದೇ ವರ್ಷ ಜರ್ಮನಿಯ ವೋಲ್ಫ್‌ಗಾಂಗ್ ಸ್ಟ್ರಾಸರ್ ಕೂಡ ಸ್ವತಂತ್ರವಾಗಿ ಇದನ್ನು ಬರೆದಿದ್ದರು. ಇವತ್ತು ನಿಮ್ಮ ಫೋನ್‌ನಲ್ಲಿ ಓಡುವ ತ್ರೀಡಿ ಗೇಮ್‌ಗಳಲ್ಲಿ ಗೋಡೆಯ ಹಿಂದೆ ನಿಂತವನು ಗೋಡೆಯ ಹಿಂದೆಯೇ ಕಾಣುವುದು ಈ ಲೆಕ್ಕದಿಂದ.

ಅದೇ ಪ್ರಬಂಧದಲ್ಲಿದ್ದ ಇನ್ನೊಂದು ವಿಚಾರ ‘ಟೆಕ್ಸ್‌ಚರ್ ಮ್ಯಾಪಿಂಗ್’. ಪುಸ್ತಕಕ್ಕೆ ಬೈಂಡ್ ಹಾಕುವಂತೆ, ತ್ರೀಡಿ ಆಕಾರದ ಮೇಲೆ ಒಂದು ಚಿತ್ರವನ್ನು ಸುತ್ತುವುದು. ಇಟ್ಟಿಗೆ ಗೋಡೆ, ಮರದ ತೊಗಟೆ, ಚರ್ಮದ ಮಚ್ಚೆ ಎಲ್ಲ ಹೀಗೆ ಬರುತ್ತವೆ.

ಕ್ಯಾಟ್‌ಮುಲ್ 1986ರಲ್ಲಿ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. 1995ರಲ್ಲಿ ಬಂದ ‘ಟಾಯ್ ಸ್ಟೋರಿ’ ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಆನಿಮೇಷನ್ ಸಿನಿಮಾ. 2019ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ, ಅಂದರೆ ಕಂಪ್ಯೂಟರ್ ಕ್ಷೇತ್ರದ ನೊಬೆಲ್ ಎನ್ನುವಂಥದ್ದು, ಅವರಿಗೂ ಪ್ಯಾಟ್ ಹ್ಯಾನ್ರಹಾನ್ ಅವರಿಗೂ ಒಟ್ಟಿಗೆ ಬಂತು. ಚಿತ್ರ ಬಿಡಿಸುವ ಆಸೆಯೇ ಆ ಗಣಿತಕ್ಕೆ ಕಾರಣವಾಗಿತ್ತು.

ಕಲೆಯಿಂದ ಕಂಪ್ಯೂಟರಿಗೆ ಬಂದವರು

ಉಲ್ಟಾ ದಾರಿಯಲ್ಲಿ ಬಂದವರೂ ಇದ್ದಾರೆ. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಆರ್.ಕೆ. ಜೋಶಿ ಅಕ್ಷರ ಬರೆಯುವ ಕಲೆಯಲ್ಲಿ ಪಳಗಿದವರು. ಜಾಹೀರಾತು ಕ್ಷೇತ್ರದಲ್ಲಿದ್ದು, ಆಮೇಲೆ ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದಲ್ಲಿ ಪಾಠ ಮಾಡಿದರು. ಭಾರತೀಯ ಭಾಷೆಗಳ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಕೆಲಸದಲ್ಲಿ ತೊಡಗಿದರು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕನ್ನಡಿಗರು ಪರದೆಯ ಮೇಲೆ ನೋಡುತ್ತಾ ಬಂದ ‘ತುಂಗಾ’ ಫಾಂಟ್ ಅವರ ನಿರ್ದೇಶನದಲ್ಲಿ ತಯಾರಾದದ್ದು.

ಕನ್ನಡ ಫಾಂಟ್ ಮಾಡುವುದೆಂದರೆ ಚೆಂದದ ಅಕ್ಷರ ಬರೆದರೆ ಮುಗಿಯಲಿಲ್ಲ. ‘ಸ್ತ್ರೀ’ ಎಂದು ಟೈಪ್ ಮಾಡಿದಾಗ ಯಾವ ಒತ್ತು ಎಲ್ಲಿ ಕೂರಬೇಕು, ದೀರ್ಘದ ಗುರುತು ಎಲ್ಲಿ ಬರಬೇಕು ಎನ್ನುವ ನಿಯಮಗಳನ್ನೂ ಫಾಂಟಿನೊಳಗೆ ಬರೆಯಬೇಕು. ಅಕ್ಷರದ ಅಂದ ಗೊತ್ತಿಲ್ಲದವರಿಗೆ, ನಿಯಮದ ಲೆಕ್ಕ ಗೊತ್ತಿಲ್ಲದವರಿಗೆ ಈ ಕೆಲಸ ಆಗುವುದಿಲ್ಲ. ಕನ್ನಡದಲ್ಲಿ ಬಂದ ಆ ಫಾರ್ವರ್ಡ್ ಅನ್ನು ನೀವು ಓದಲು ಸಾಧ್ಯವಾದದ್ದೇ ಕಲೆ ಮತ್ತು ಕಂಪ್ಯೂಟರ್ ಎರಡನ್ನೂ ಬಲ್ಲವರಿಂದ!

ಅಂಗಳದ ರಂಗೋಲಿಯೂ ಒಂದು ಪ್ರೋಗ್ರಾಂ

‘ಏಳರಿಂದ ನಾಲ್ಕು, ಸಂದು ಚುಕ್ಕಿ.’ ನಮ್ಮ ಅಜ್ಜಿಯರಿಗೆ ಇಷ್ಟು ಹೇಳಿದರೆ ಸಾಕು. ನಡುವಿನ ಸಾಲಿನಲ್ಲಿ 7 ಚುಕ್ಕಿ. ಅದರ ಮೇಲೆ ಮತ್ತು ಕೆಳಗೆ, ಹಿಂದಿನ ಸಾಲಿನ ಸಂದಿಗೆ ಬರುವಂತೆ 6, 5, 4. ಒಟ್ಟು 37 ಚುಕ್ಕಿ. ‘ಪ್ರತಿ ಸಾಲಿಗೂ ಒಂದು ಕಡಿಮೆ ಮಾಡು, ಅರ್ಧ ಜಾಗ ಸರಿ, ನಾಲ್ಕಕ್ಕೆ ನಿಲ್ಲಿಸು’ ಎನ್ನುವುದನ್ನೇ ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಎನ್ನುತ್ತಾರೆ.

ಇದು ಬರೀ ಹೋಲಿಕೆಯಲ್ಲ. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮೊನಿ, ರಾಣಿ ಸಿರೊಮೊನಿ ಮತ್ತು ಅವರ ಸಹೋದ್ಯೋಗಿಗಳು ತಮಿಳುನಾಡಿನ ಕೋಲಂಗಳ ವಿನ್ಯಾಸವನ್ನು ಕಂಪ್ಯೂಟರ್ ವಿಜ್ಞಾನದ ‘ವ್ಯಾಕರಣ’ದ ರೂಪದಲ್ಲಿ ಬರೆದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. ಬಾಗಿಲ ಮುಂದಿನ ರಂಗೋಲಿ ಕಂಪ್ಯೂಟರ್ ವಿಜ್ಞಾನಿಗಳಿಗೆ ಪಾಠವಾಯಿತು.

ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ಕಲಾವಿದರಿಗೆಂದೇ ಮಾಡಿದ ‘ಪ್ರೊಸೆಸಿಂಗ್’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕೇಸಿ ರೀಯಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದರು. ಅದರ ಬ್ರೌಸರ್ ರೂಪ ‘ಪಿ5.ಜೆಎಸ್’. ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡಬೇಕಿಲ್ಲ. ಟೈಪ್ ಮಾಡಲು ಕಂಪ್ಯೂಟರ್ ಇದ್ದರೆ ಸಲೀಸು. ಚುಕ್ಕಿ ರಂಗೋಲಿಯಿಂದಲೇ ಶುರು ಮಾಡಿ. ಮಕ್ಕಳಿಗೆ ಇದರಲ್ಲಿ ಆಸಕ್ತಿ ಇದೆಯೇ ಇಲ್ಲವೇ ಎಂದು ತಿಳಿಯಲು ನರ್ತಕಿಗಿಂತ ಇದು ಎಷ್ಟೋ ಒಳ್ಳೆಯ ಪರೀಕ್ಷೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಯಾವ ದಾರಿ?

ಒಂದೇ ದಾರಿ ಇಲ್ಲ. ಮುಖ್ಯವಾದವು ಇವು:

1. ಎಂಜಿನಿಯರಿಂಗ್ ದಾರಿ: ಗೇಮ್, ಗ್ರಾಫಿಕ್ಸ್, ಆನಿಮೇಷನ್ ತಂತ್ರಾಂಶಗಳನ್ನೇ ಕಟ್ಟುವ ಆಸೆ ಇದ್ದರೆ ಗಣಿತ ಬೇಕು. ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಬಿಟ್ಟರೆ ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವ ಬಾಗಿಲು ಮುಚ್ಚುತ್ತದೆ. ಆಮೇಲೆ ಕಲೆಯ ಕಡೆ ಬರುವುದು ಸುಲಭ, ಕಲೆಯಿಂದ ಎಂಜಿನಿಯರಿಂಗ್‌ಗೆ ಹೋಗುವುದು ಕಷ್ಟ. ಆದ್ದರಿಂದ ಗಣಿತ ಇಷ್ಟಪಡುವ ಮಗುವಿನಿಂದ ಅದನ್ನು ಬಿಡಿಸುವ ಮುನ್ನ ಎರಡು ಸಲ ಯೋಚಿಸಿ.

2. ವಿನ್ಯಾಸದ ದಾರಿ: ಬಿ.ಡಿಸ್ ಪದವಿಗೆ ಐಐಟಿ ಬಾಂಬೆ ನಡೆಸುವ ‘ಯುಸೀಡ್’ ಪರೀಕ್ಷೆ ಇದೆ. ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಬರೆಯಬಹುದು. ಕೆಲವು ಸಂಸ್ಥೆಗಳು ಪ್ರವೇಶಕ್ಕೆ ನಿರ್ದಿಷ್ಟ ವಿಷಯಗಳನ್ನು ಕೇಳಬಹುದಾದ್ದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆ ನೋಡಿ. ಒಂದೇ ಪರೀಕ್ಷೆಯಲ್ಲಿ ತರ್ಕದ ಪ್ರಶ್ನೆಗಳೂ ಇವೆ, ಚಿತ್ರ ಬಿಡಿಸುವ ಪ್ರಶ್ನೆಯೂ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ, ಬೇರೆಯದೇ ಪರೀಕ್ಷೆ. ಯುಸೀಡ್ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಅರ್ಜಿ ಅದಕ್ಕೂ ತಿಂಗಳುಗಳ ಮೊದಲು. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ಆ ವರ್ಷದ ಅವಕಾಶ ಕೈತಪ್ಪಿರುತ್ತದೆ.

3. ಕಲಾಶಾಲೆಯ ದಾರಿ: ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಡೆ ದೃಶ್ಯಕಲೆಯ ಪದವಿ ಮಾಡುತ್ತಾ ಕಂಪ್ಯೂಟರನ್ನು ಜೊತೆಜೊತೆಗೆ ಕಲಿಯಬಹುದು.

4. ತಡವಾಗಿ ಸೇರುವ ದಾರಿ: ವಾಣಿಜ್ಯದಲ್ಲಿ ಸಿಇಬಿಎ ಓದಿ ಬಿಸಿಎ ಮಾಡಿದವರು, ಬಿಇ ಮಾಡಿದವರು, ಕಲಾ ಪದವಿ ಮಾಡಿದವರು ಎಲ್ಲರೂ ‘ಸೀಡ್’ ಪರೀಕ್ಷೆ ಬರೆದು ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿಗೆ ಹೋಗಬಹುದು. 15ನೇ ವಯಸ್ಸಿನಲ್ಲಿ ಆಯ್ದುಕೊಂಡದ್ದೇ ಕೊನೆಯಲ್ಲ.

ಯಾವ ದಾರಿಯಾದರೂ ಅಭ್ಯಾಸಕ್ಕೆ ಉಚಿತ ತಂತ್ರಾಂಶಗಳಿವೆ: ಚಿತ್ರಕ್ಕೆ ಕ್ರಿಟಾ, ಲೋಗೊ ಮತ್ತು ಅಕ್ಷರ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ತ್ರೀಡಿಗೆ ಬ್ಲೆಂಡರ್. ಉಚಿತ ಎಂದರೆ ಕಳಪೆ ಎಂದುಕೊಳ್ಳಬೇಡಿ. 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಬ್ಲೆಂಡರ್‌ನಲ್ಲೇ.

‘100% ಕೆಲಸ ಗ್ಯಾರಂಟಿ’ ಮೆಸೇಜ್ ಬಂದರೆ?

ನರ್ತಕಿಯ ಹಿಂದೆಯೇ ಬರುವ ಇನ್ನೊಂದು ಫಾರ್ವರ್ಡ್ ಇದು: ‘ಆರು ತಿಂಗಳ ಆನಿಮೇಷನ್ ಕೋರ್ಸ್, ಕೆಲಸ ಗ್ಯಾರಂಟಿ, ಇವತ್ತೇ ಸೀಟ್ ಬುಕ್ ಮಾಡಿ.’ ಒಳ್ಳೆಯ ಖಾಸಗಿ ತರಬೇತಿ ಇಲ್ಲವೆಂದಲ್ಲ. ಆದರೆ ದುಡ್ಡು ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಕೊನೆಗೆ ಸಿಗುವುದು ಪದವಿಯೋ, ಬರೀ ಸರ್ಟಿಫಿಕೇಟೋ? ಪದವಿಯಾದರೆ ಯಾವ ವಿಶ್ವವಿದ್ಯಾಲಯದ್ದು, ಅದು ಯುಜಿಸಿ ಪಟ್ಟಿಯಲ್ಲಿದೆಯೇ? ಹೋದ ವರ್ಷದ ವಿದ್ಯಾರ್ಥಿಗಳು ಮಾಡಿದ ಕೆಲಸ ತೋರಿಸುತ್ತೀರಾ? ಮಧ್ಯದಲ್ಲಿ ಬಿಟ್ಟರೆ ಶುಲ್ಕ ವಾಪಸ್ ಕೊಡುವ ನಿಯಮವನ್ನು ಬರವಣಿಗೆಯಲ್ಲಿ ಕೊಡುತ್ತೀರಾ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ನೋಡುವುದು ಮುಖ್ಯವಾಗಿ ನೀವು ಮಾಡಿದ ಕೆಲಸದ ಮಾದರಿಗಳನ್ನು. ಅದನ್ನು ಯಾವ ಗ್ಯಾರಂಟಿಯೂ ತಂದುಕೊಡುವುದಿಲ್ಲ.

ಈಗ ಎಐ ಬಂದಿದೆಯಲ್ಲ, ಇದೆಲ್ಲ ಯಾಕೆ?

ಈ ಪ್ರಶ್ನೆ ನ್ಯಾಯವಾದದ್ದೇ. ಎಐ ಕೆಲವು ಕೆಲಸಗಳನ್ನು ಬದಲಿಸುತ್ತಿದೆ, ಯಾವ ಕೆಲಸವೂ ಹಾಗೇ ಉಳಿಯುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ಚಿತ್ರ ಬಿಡಿಸುವ ಯಂತ್ರ ಇವತ್ತಿನದಲ್ಲ. 1966ರ ವೆನಿಸ್ ಕಲಾಮೇಳದಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದ್ದ ಚಿತ್ರಕಾರ ಹೆರಾಲ್ಡ್ ಕೊಹೆನ್, ಆಮೇಲೆ ಪ್ರೋಗ್ರಾಮಿಂಗ್ ಕಲಿತು ‘ಆ್ಯರನ್’ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಂ ಕಟ್ಟಿದರು. 2016ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಗೆರೆ ಎಂದರೇನು ಎಂದು ಬಲ್ಲ ಕಲಾವಿದನಿಂದಲೇ ಯಂತ್ರಕ್ಕೆ ಗೆರೆ ಕಲಿಸಲು ಆಯಿತು.

ಎಐ ಕೊಟ್ಟ ಚಿತ್ರದಲ್ಲಿ ಬೆರಳು ಆರಾಗಿದ್ದರೆ, ಬೋರ್ಡಿನ ಮೇಲಿನ ಕನ್ನಡ ಅಕ್ಷರ ಕೆಟ್ಟಿದ್ದರೆ ಅದನ್ನು ಹಿಡಿಯಲು ನೋಡುವ ಕಣ್ಣು ಬೇಕು, ಸರಿಪಡಿಸಲು ಕಂಪ್ಯೂಟರಿನ ತಿಳಿವು ಬೇಕು. ಬರೀ ಬಟನ್ ಒತ್ತಲು ಕಲಿತವರಿಗೆ ಕಷ್ಟ ಹೆಚ್ಚು, ಎರಡೂ ಬಲ್ಲವರಿಗೆ ಕಡಿಮೆ.

ಗ್ರೂಪಿನಲ್ಲಿ ಏನು ಉತ್ತರಿಸುವುದು?

ನಾನು ಚಿಕ್ಕಮ್ಮನಿಗೆ ಬರೆದದ್ದು ಇದು. ಬೇಕಾದರೆ ಕಾಪಿ ಮಾಡಿಕೊಳ್ಳಿ:

‘ಚಿಕ್ಕಮ್ಮ, ಆ ನರ್ತಕಿ ಪೂರ್ತಿ ನೆರಳು. ಮುಂದೆ ಹಿಂದೆ ಗೊತ್ತಾಗದ್ದರಿಂದ ಎರಡು ದಿಕ್ಕಿಗೂ ಕಾಣುತ್ತಾಳೆ. ಮೆದುಳಿಗೂ ಅದಕ್ಕೂ ಸಂಬಂಧವಿಲ್ಲ. ಎಡ ಮೆದುಳಿನವರು, ಬಲ ಮೆದುಳಿನವರು ಅಂತ ಜನರಲ್ಲಿ ಎರಡು ಬಗೆ ಇಲ್ಲ. ಪುಟ್ಟಿಗೆ ಗಣಿತ, ಚಿತ್ರ ಎರಡೂ ಇಷ್ಟ ಇದ್ದರೆ ಎರಡೂ ಬೇಕಾಗುವ ಓದು, ಕೆಲಸ ಇವೆ. ಯಾವುದನ್ನು ಬಿಡಬೇಕು ಅಂತ ಜಿಫ್ ಚಿತ್ರವನ್ನು ಕೇಳಬೇಡಿ, ಅವಳನ್ನು ಕೇಳಿ.’

ಅರ್ಧ ಗಂಟೆಯಾದ ಮೇಲೆ ಪುಟ್ಟಿಯಿಂದಲೇ ನನಗೆ ಮೆಸೇಜ್ ಬಂತು: ‘ಅಕ್ಕ, ಆ ರಂಗೋಲಿ ಪ್ರೋಗ್ರಾಂ ಲಿಂಕ್ ಕಳಿಸು.’